ಕಾದಿಟ್ಟ ನೆಲದ ಬಾಗಿಲು: ಬುಕ್ಕಸಾಗರದ ಗುಡ್ಡ ಮತ್ತು ಹೊಳೆಯ ಚರಿತ್ರೆಯಿಂದ ಒಂದು ವಿಚಾರ



ಸಂಪತ್ತನ್ನು ರಕ್ಷಿಸುವುದು ಒಂದು ಧರ್ಮ. ರಕ್ಷಿಸಿದ ಸಂಪತ್ತು ಯಾರ ಉಪಯೋಗಕ್ಕೆ ಎಂದು ವಿಚಾರಿಸುವುದು ಅದಕ್ಕಿಂತ ಹಿರಿದಾದ ಧರ್ಮ. ಹಣದ ವಿಷಯದಲ್ಲಿ, ಧಾನ್ಯದ ವಿಷಯದಲ್ಲಿ ನಾವು ಈ ಮಾತನ್ನು ಸುಲಭವಾಗಿ ಒಪ್ಪುತ್ತೇವೆ. ಆದರೆ ನೆಲದ ವಿಷಯಕ್ಕೆ ಬಂದಾಗ ಪ್ರಶ್ನೆ ಜಟಿಲವಾಗುತ್ತದೆ. ಕಾಡನ್ನು, ಹೊಳೆಯನ್ನು, ಪುರಾತನ ಶಿಲಾಮಂದಿರಗಳನ್ನು ನಾಳಿನವರಿಗಾಗಿ ಕಾದಿಡಬೇಕೆಂದು ಸರ್ಕಾರವೂ ಸೇವಾಸಂಸ್ಥೆಗಳೂ ಇಂದು ಶ್ರಮಿಸುತ್ತಿವೆ. ಅದು ಸ್ತುತ್ಯವಾದ ಕಾರ್ಯ. ಆದರೆ ಹಾಗೆ ಕಾದಿಟ್ಟ ನೆಲದೊಳಗೆ ಜನಸಾಮಾನ್ಯನು ಕಾಲಿಡಬಹುದೇ? ಕುರಿಗಾಹಿಯು ಒಳಹೋಗಬಹುದೇ? ಮೀನುಗಾರನು ಬಲೆ ಬೀಸಬಹುದೇ? ಯಾತ್ರಿಕನು ನಡೆದುಹೋಗಬಹುದೇ? ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತ ದೂರ ಹೋಗಬೇಕಾಗಿಲ್ಲ. ನಮ್ಮ ಹೊಸಪೇಟೆಯಿಂದ ಕಂಪ್ಲಿಯ ಕಡೆಗೆ ಸಾಗುವ ದಾರಿಯಲ್ಲಿರುವ ಬುಕ್ಕಸಾಗರದಲ್ಲಿ ನಿಂತು ಸುತ್ತಲೂ ಕಣ್ಣು ಹಾಯಿಸಿದರೆ ಸಾಕು.

ಹೆಸರಿನಲ್ಲಿಯೇ ಬುಕ್ಕರಾಯನ ಸ್ಮರಣೆಯನ್ನು ಹೊತ್ತಿರುವ ಈ ಗ್ರಾಮದ ಮೇಲುಗಡೆಗೆ ಹಂಪೆಯ ಶಿಲಾವೈಭವವಿದೆ. ಮಗ್ಗುಲಿಗೆ ತುಂಗಭದ್ರೆ ಹರಿಯುತ್ತಾಳೆ. ಬೆನ್ನಿಗೆ ಬಂಡೆಗಲ್ಲುಗಳ ಕುರುಚಲು ಕಾಡು ಹಬ್ಬಿದೆ. ಕಲ್ಲು, ಕಾಡು, ಹೊಳೆ ಎಂಬ ಈ ಮೂರೂ ಇಂದು ರಕ್ಷಿತವಾದವುಗಳೇ. ಆದರೆ ಮೂರಕ್ಕೂ ಮೂರು ಬಗೆಯ ಕಾನೂನು. ಮೂರು ಕಾನೂನುಗಳ ಹಿಂದೆಯೂ ಮೂರು ಬಗೆಯ ಚರಿತ್ರೆ ಇದೆ. ಆ ಚರಿತ್ರೆಯನ್ನು ತಾವು ಶಾಂತಚಿತ್ತದಿಂದ ಪರಿಶೀಲಿಸಬೇಕೆಂದು ವಿನಂತಿ.

ಹಿಂದಿನ ವ್ಯವಸ್ಥೆ

ಪೂರ್ವಕಾಲದಲ್ಲಿ ಎಲ್ಲ ನೆಲವೂ ಎಲ್ಲರಿಗೂ ತೆರೆದಿತ್ತೆಂದು ಭಾವಿಸುವುದು ಸರಿಯಲ್ಲ. ವಿಜಯನಗರ ಕಾಲದ ದಾನಶಾಸನಗಳಲ್ಲಿ ‘ಅಷ್ಟಭೋಗ ತೇಜಸ್ವಾಮ್ಯ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಎಂಟು ಬಗೆಯ ಭೋಗಗಳನ್ನು ಹೆಸರಿಸಿ ದಾನ ಕೊಡುತ್ತಿದ್ದರು. ನೆಲದೊಳಗಿನ ಕಲ್ಲಿಗೂ ನೀರಿಗೂ ಒಡೆಯನಿದ್ದನೆಂಬುದು ಇದರಿಂದ ಸ್ಪಷ್ಟ. ಆದರೆ ಅದರ ಜೊತೆಯಲ್ಲಿಯೇ ಊರಿಗೊಂದು ಗೋಮಾಳ, ಒಂದು ಗುಂಡುತೋಪು, ಒಂದು ಕೆರೆ, ಕೆಲವೆಡೆ ಕೊಡಲಿ ತಾಗದ ದೇವರಕಾಡು ಇರುತ್ತಿದ್ದುವು. ಗೋಮಾಳಕ್ಕೆ ದನ ಹೋಗಬಹುದಿತ್ತು, ಉಳುಮೆ ಹೋಗಬಾರದಿತ್ತು. ದೇವರಕಾಡಿಗೆ ಭಕ್ತನು ಹೋಗಬಹುದಿತ್ತು; ಕೊಡಲಿ ಹೋಗಬಾರದಿತ್ತು. ಎಂದರೆ, ಯಾರು ಒಳಗೆ ಬರಬಾರದೆಂದು ನಿಯಮಿಸುವುದಕ್ಕಿಂತ, ಒಳಗೆ ಬಂದವನು ಏನು ಮಾಡಬಾರದೆಂಬುದನ್ನು ನಿಯಮಿಸುತ್ತಿದ್ದರು. ಈ ಸೂಕ್ಷ್ಮ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಇಡೀ ವಿಚಾರ ಇದರ ಮೇಲೆ ನಿಂತಿದೆ.

ಹೊಳೆಯ ವಿಷಯವೂ ಹಾಗೆಯೇ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಯಸನು ಆನೆಗೊಂದಿಯ ಬಳಿ ಜನರು ಬುಟ್ಟಿಯಂತೆ ದುಂಡಗಿರುವ, ಹೊರಗೆ ತೊಗಲು ಹೊದಿಸಿದ ದೋಣಿಗಳಲ್ಲಿ ನದಿ ದಾಟುತ್ತಿದ್ದುದನ್ನು ಕಂಡು ಬರೆದಿಟ್ಟಿದ್ದಾನೆ. ಆ ದೋಣಿ ಯಾವುದೆಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಅದು ನಮ್ಮ ಹರಿಗೋಲು. ಅದಕ್ಕೂ ಮೊದಲು ಹಂಪೆಯ ಹರಿಹರ ಕವಿಯು, ನಸುಕಿನಲ್ಲಿ ಹೂದೋಟವನ್ನು ಹೊಕ್ಕು ವಿರೂಪಾಕ್ಷನ ಪೂಜೆಗೆ ಹೂ ಕೊಯ್ದು ತರುವುದನ್ನೇ ವಸ್ತುವಾಗಿಸಿಕೊಂಡು ‘ಪುಷ್ಪರಗಳೆ’ಯನ್ನು ರಚಿಸಿದನು. ಈ ನೆಲದ ಹೊಳೆಯೂ ವನವೂ ಜನಜೀವನದೊಡನೆ ಹೆಣೆದುಕೊಂಡಿದ್ದುವೆಂಬುದಕ್ಕೆ ಈ ಎರಡು ಸಾಕ್ಷ್ಯಗಳು ಸಾಲವೇ?

ಕಾಡಿಗೆ ಬೇಲಿ ಬಿದ್ದುದು

1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿಕೊಟ್ಟನು. ಥಾಮಸ್ ಮನ್ರೋ ಇಲ್ಲಿಯ ಮೊದಲ ಮುಖ್ಯ ಕಲೆಕ್ಟರನಾಗಿ ಭೂಕಂದಾಯದ ವ್ಯವಸ್ಥೆಯನ್ನು ಏರ್ಪಡಿಸಿದನು. ಆದರೆ ಕಾಡಿನ ಮೇಲೆ ಸರ್ಕಾರದ ಪೂರ್ಣ ಹಸ್ತ ಬಿದ್ದುದು ಅನಂತರ. ಹಡಗುಗಳಿಗೆ ಮರ ಬೇಕಾಯಿತು. ರೈಲುಹಳಿಗಳ ಅಡಿಗೆ ದಿಮ್ಮಿ ಬೇಕಾಯಿತು. ಉಗಿಬಂಡಿಗೆ ಉರುವಲು ಬೇಕಾಯಿತು. ಕಾಡು ಸರ್ಕಾರದ ಆದಾಯದ ಬಾಬತ್ತಾಯಿತು.

ಆಗ ಒಂದು ಗಮನಾರ್ಹ ಸಂಗತಿ ನಡೆಯಿತು. 1871ರಲ್ಲಿ ಮದ್ರಾಸಿನ ರೆವಿನ್ಯೂ ಬೋರ್ಡು, ಇಡೀ ಆಧಿಪತ್ಯದಲ್ಲಿ ಪಕ್ಕದ ಹಳ್ಳಿಯವರು ಒಂದಲ್ಲ ಒಂದು ಸಾಮೂಹಿಕ ಹಕ್ಕನ್ನು ಹೇಳದಿರುವ ಕಾಡು ಇಲ್ಲವೇ ಇಲ್ಲವೆಂಬ ಅಭಿಪ್ರಾಯವನ್ನು ಸರ್ಕಾರಕ್ಕೆ ತಿಳಿಸಿತು. ಕಂದಾಯ ವಸೂಲು ಮಾಡುವ ಅಧಿಕಾರಿಗಳೇ ಜನರ ಹಕ್ಕಿಗೆ ಸಾಕ್ಷಿ ನುಡಿದರು! ಆದರೂ 1882ರಲ್ಲಿ ಮದ್ರಾಸ್ ಅರಣ್ಯ ಕಾಯಿದೆ ಜಾರಿಗೆ ಬಂದಿತು. ಮೀಸಲು ಅರಣ್ಯವೆಂದು ಘೋಷಿಸುವ ಮುನ್ನ ಹಕ್ಕು ಹೇಳುವವರು ಅವಧಿಯೊಳಗೆ ಅಧಿಕಾರಿಯ ಮುಂದೆ ಬಂದು ಹೇಳಿಕೊಳ್ಳಬೇಕಾಗಿತ್ತು. ಓದುಬರಹ ಅರಿಯದ ಕುರಿಗಾಹಿಗೆ, ಸೌದೆ ಹೊರುವ ಬಡ ಹೆಂಗಸಿಗೆ ಸರ್ಕಾರಿ ಪ್ರಕಟಣೆ ತಲುಪುವುದೆಲ್ಲಿಂದ ಬಂತು? ಹೇಳಿಕೊಳ್ಳದ ಹಕ್ಕು ಅಳಿದುಹೋಯಿತು. ತಲೆಮಾರುಗಳಿಂದ ನಡೆದುಬಂದ ರೂಢಿಯು ಅಪರಾಧವೆನಿಸಿತು.

ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು 1953ರಲ್ಲಿ ಮೈಸೂರು ರಾಜ್ಯವನ್ನು ಸೇರಿದುವು. ಅದೇ ವರ್ಷ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯಿತು. ಗದ್ದೆ, ಕಬ್ಬು, ಬಾಳೆ ಹೆಚ್ಚಿದುವು. ಬಯಲಿನಲ್ಲಿ ದನ ಮೇಯುವ ತೆರಪು ಕಡಮೆಯಾಯಿತು. ಮೇವಿಗಾಗಿ ಜನ ಗುಡ್ಡದ ಕಡೆಗೆ ಮುಖ ಮಾಡುವುದು ಅನಿವಾರ್ಯವಾಯಿತು. ಅದೇ ಗುಡ್ಡವೇ ಕರಡಿಗಳ ಮನೆಯೂ ಆಗಿತ್ತೆಂಬುದು ಸಮಸ್ಯೆಯ ಇನ್ನೊಂದು ಮುಖ.

ಕರಡಿಯ ಪಾಲು

ಬಂಡೆಗಳ ಗವಿಗಳಲ್ಲಿ ವಾಸಿಸಿ, ಬಾರೆ, ಸೀತಾಫಲ, ಕಾರೆ ಮೊದಲಾದ ಹಣ್ಣುಗಳನ್ನೂ ಗೆದ್ದಲನ್ನೂ ಜೇನನ್ನೂ ತಿಂದು ಬದುಕುವ ಕರಡಿಗೆ ನಮ್ಮ ಈ ಕುರುಚಲು ಕಾಡು ಅತ್ಯಂತ ಹಿತವಾದ ತಾಣ. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಲ್ಲಿ ಬಂದಿತು. ಅದರ ಅನ್ವಯ 1994ರಲ್ಲಿ ಬಿಳಿಕಲ್ಲು ಕಾಡಿನ 5,587 ಹೆಕ್ಟೇರಿಗೂ ಮಿಕ್ಕ ಪ್ರದೇಶವನ್ನು ದರೋಜಿ ಕರಡಿಧಾಮವೆಂದು ಘೋಷಿಸಲಾಯಿತು. 2009ರಲ್ಲಿ ಬುಕ್ಕಸಾಗರದ ಕಾಡಿನ ಸುಮಾರು 2,685 ಹೆಕ್ಟೇರು ಅದಕ್ಕೆ ಕೂಡಿತು. ಇಂದು ಧಾಮದ ವಿಸ್ತಾರ 82 ಚದರ ಕಿಲೋಮೀಟರಿಗೂ ಹೆಚ್ಚು.

ಅಭಯಾರಣ್ಯವೆಂದು ಘೋಷಣೆಯಾದ ಕೂಡಲೆ ಏನಾಗುತ್ತದೆ? ಕಾಯಿದೆಯ 27ನೆಯ ಕಲಮಿನ ಮೊದಲ ಭಾಗದ ಪ್ರಕಾರ, ಕರ್ತವ್ಯದ ಮೇಲಿರುವ ಸರ್ಕಾರಿ ನೌಕರ, ಒಳಗೆ ವಾಸಿಸಲು ಅನುಮತಿ ಪಡೆದವನು, ಒಳಗೆ ಸ್ಥಿರಾಸ್ತಿಯ ಹಕ್ಕುಳ್ಳವನು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವನು, ಇವರ ಅವಲಂಬಿಗಳು, ಇಷ್ಟು ಮಂದಿಯನ್ನು ಬಿಟ್ಟು ಬೇರಾರೂ ಪರವಾನಿಗೆ ಇಲ್ಲದೆ ಒಳಹೋಗುವಂತಿಲ್ಲ. ಅಧ್ಯಯನ, ಛಾಯಾಚಿತ್ರಣ, ಪ್ರವಾಸ ಮುಂತಾದ ಕಾರಣಗಳಿಗೆ ಪರವಾನಿಗೆ ದೊರೆಯಬಹುದು. ದೂರದಿಂದ ಬಂದ ಪ್ರವಾಸಿಯು ವೀಕ್ಷಣಾ ಗೋಪುರದ ಮೇಲೆ ಕುಳಿತು ಸಂಜೆ ಬಂಡೆಗಳ ಮೇಲೆ ಇಳಿದುಬರುವ ಕರಡಿಗಳನ್ನು ಕಂಡು ಹರ್ಷಿಸಬಹುದು. ಆದರೆ ಗುಡ್ಡದ ಬುಡದಲ್ಲಿಯೇ ಹುಟ್ಟಿ ಬೆಳೆದವನ ಮೇಕೆ ಅದೇ ಬಂಡೆಯ ಹತ್ತಿರ ಸುಳಿದರೆ ಅದು ಅತಿಕ್ರಮಣ. ಇನ್ನೂ ಒಂದು ಮಾತುಂಟು. ಮೊದಲೇ ಮೀಸಲು ಅರಣ್ಯವಾಗಿದ್ದ ಪ್ರದೇಶವನ್ನು ಅಭಯಾರಣ್ಯವನ್ನಾಗಿ ಮಾಡುವಾಗ ಜನರ ಹಕ್ಕುಗಳನ್ನು ಹೊಸದಾಗಿ ವಿಚಾರಿಸುವ ವಿಧಿಯನ್ನು ಕಾನೂನು ಕಡ್ಡಾಯ ಮಾಡಿಲ್ಲ. ಹೀಗೆ ಬ್ರಿಟಿಷರ ಕಾಲದಲ್ಲಿ ಅಳಿಸಿಹೋದ ಹಕ್ಕು, ಸ್ವತಂತ್ರ ಭಾರತದಲ್ಲಿಯೂ ಕೇಳುವವರಿಲ್ಲದೆ ಹಾಗೆಯೇ ಅಳಿದು ಉಳಿಯುವ ಸಂಭವವಿದೆ.

ಹಾಗೆಂದು ಕರಡಿಧಾಮವೇ ಬೇಡವೆನ್ನೋಣವೆ? ಎಂದಿಗೂ ಸಲ್ಲದು. ಕಲ್ಲಿನ ಗಣಿಗೂ ಬೇಟೆಗೂ ಬೆಂಕಿಗೂ ಆ ಗುಡ್ಡವನ್ನು ಬಿಟ್ಟುಕೊಟ್ಟಿದ್ದರೆ ಕರಡಿಯೂ ಉಳಿಯುತ್ತಿರಲಿಲ್ಲ, ಮೇಕೆಗೆ ಹುಲ್ಲೂ ಉಳಿಯುತ್ತಿರಲಿಲ್ಲ. ಹೊಲಕ್ಕೆ ಇಳಿದ ಕರಡಿಯ ಕೈಗೆ ಸಿಕ್ಕು ರೈತನು ನೋಯುವುದೂ, ರೈತನ ಕೋಪಕ್ಕೆ ಸಿಕ್ಕು ಕರಡಿ ನೋಯುವುದೂ ತಪ್ಪಬೇಕಾದರೆ ಮೂಕಪ್ರಾಣಿಗೆ ತನ್ನದೆನ್ನುವ ಒಂದು ಎಡೆ ಇರಲೇಬೇಕು. ಪ್ರಶ್ನೆ ಕಾಯುವುದರ ಬಗೆಗಲ್ಲ. ಕಾಯುವ ರೀತಿಯ ಬಗೆಗೆ.

ಕಲ್ಲಿನ ಕಾನೂನು

ಇನ್ನು ಹಂಪೆಯ ಕಡೆಗೆ ತಿರುಗೋಣ. ಲಾರ್ಡ್ ಕರ್ಜನನ ಕಾಲದಲ್ಲಿ, 1904ರಲ್ಲಿ, ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಒಂದು ಕಾಯಿದೆ ಬಂದಿತು. ಅದರ ಮುಂದುವರಿಕೆಯಾದ 1958ರ ಕಾಯಿದೆಯ 18ನೆಯ ಕಲಮು ಹೀಗೆ ವಿಧಿಸುತ್ತದೆ: ನಿಯಮಗಳಿಗೆ ಒಳಪಟ್ಟು, ರಕ್ಷಿತ ಸ್ಮಾರಕವನ್ನು ಪ್ರವೇಶಿಸುವುದು ಸಾರ್ವಜನಿಕರ ಹಕ್ಕು. ಅನುಗ್ರಹವಲ್ಲ, ಹಕ್ಕು! ಒಂದೇ ಆಡಳಿತ, ಒಂದೇ ಸೀಮೆ. ಕಾಡಿನ ಮಟ್ಟಿಗೆ ಪ್ರವೇಶವು ಅಪರಾಧ, ಕಲ್ಲಿನ ಮಟ್ಟಿಗೆ ಪ್ರವೇಶವು ಹಕ್ಕು. ಈ ವೈಪರೀತ್ಯವನ್ನು ನೋಡಿ ಆಶ್ಚರ್ಯವಾಗದಿರುವುದೇ?

ಆದರೆ ನೋಡುವ ಹಕ್ಕು ಬೇರೆ, ಬಾಳುವ ಹಕ್ಕು ಬೇರೆ. ಹಂಪೆಯ ಸ್ಮಾರಕ ಸಮೂಹವು 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿತು. ಸೇತುವೆಗಳ ನಿರ್ಮಾಣದಿಂದ ಪರಿಸರಕ್ಕೆ ಕುಂದು ಬಂದಿತೆಂದು 1999ರಲ್ಲಿ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿ, 2006ರಲ್ಲಿ ಅದರಿಂದ ಬಿಡಿಸಿದರು. 2002ರ ಕಾಯಿದೆಯ ಮೂಲಕ ಹಂಪೆಗಾಗಿಯೇ ಒಂದು ಪ್ರಾಧಿಕಾರ ರಚಿತವಾಯಿತು. 2011ರ ಜುಲೈ ತಿಂಗಳಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಸಂಸಾರ ಹೂಡಿಕೊಂಡು ವ್ಯಾಪಾರ ಮಾಡುತ್ತಿದ್ದವರನ್ನು ತೆರವುಗೊಳಿಸಲಾಯಿತು. ವಿರೂಪಾಪುರಗಡ್ಡೆಯ ಅನಧಿಕೃತ ವಸತಿಗೃಹಗಳು ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇರೆಗೆ 2020ರಲ್ಲಿ ನೆಲಸಮವಾದುವು. ತಳವಾರಘಟ್ಟದ ಬಳಿ ಕಟ್ಟುತ್ತಿದ್ದ ಸೇತುವೆಯು 2009ರ ಜನವರಿಯಲ್ಲಿ ಕುಸಿದು ಕೂಲಿಕಾರರು ಪ್ರಾಣ ಕಳೆದುಕೊಂಡರು. ಅನಂತರ ಕಡೇಬಾಗಿಲು ಮತ್ತು ಬುಕ್ಕಸಾಗರಗಳ ನಡುವೆ ಸೇತುವೆಯಾಗಿ, ಹರಿಗೋಲನ್ನೇ ನಂಬಿದ್ದ ಎರಡು ದಡದ ಜನಕ್ಕೆ ಸಂಪರ್ಕ ಒದಗಿತು. ಮಂಟಪದ ಕಲ್ಲನ್ನು ಉಳಿಸಬೇಕಾದುದು ನ್ಯಾಯವೇ. ಆದರೆ ಬಜಾರೆಂಬುದು ಜನರಿಲ್ಲದೆ ಬಜಾರಾಗುವುದು ಹೇಗೆಂಬ ಪ್ರಶ್ನೆಯೂ ನ್ಯಾಯವೇ.

ಹೊಳೆಯ ಕಾನೂನು

ಮೂರನೆಯದು ಹೊಳೆ. ನಮ್ಮ ವಿಷಯಕ್ಕೆ ಇದೇ ಹೃದಯಭಾಗ. ತುಂಗಭದ್ರೆಯ ಬಂಡೆಗಳ ಸಂದಿನಲ್ಲಿ, ಜೊಂಡಿನ ಮರೆಯಲ್ಲಿ ನೀರುನಾಯಿಗಳು ಗುಂಪುಗುಂಪಾಗಿ ವಾಸಿಸುತ್ತವೆ. ಮೀನುಗಾರರಿಗೆ ಇವು ಹಳೆಯ ಪರಿಚಯದ ಪ್ರತಿಸ್ಪರ್ಧಿಗಳು. ಇವುಗಳ ಜೊತೆಗೆ ಮೊಸಳೆ, ಆಮೆ, ಹಲವು ಜಾತಿಯ ಮೀನುಗಳೂ ಉಂಟು. ಇವುಗಳ ರಕ್ಷಣೆಗಾಗಿ 2015ರಲ್ಲಿ, ಅಣೆಕಟ್ಟಿನ ಕೆಳಗಿನ ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರು ಉದ್ದದ ಹೊಳೆಯನ್ನು ‘ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ’ವೆಂದು ರಾಜ್ಯ ಸರ್ಕಾರ ಘೋಷಿಸಿತು. ಬುಕ್ಕಸಾಗರದ ಹೊಳೆದಂಡೆಯು ಈ ಎರಡು ಎಲ್ಲೆಗಳ ನಡುವೆಯೇ ಇದೆ.

‘ಸಂರಕ್ಷಣಾ ಮೀಸಲು’ ಎಂಬುದು ವನ್ಯಜೀವಿ ಕಾಯಿದೆಗೆ 2002ರ ತಿದ್ದುಪಡಿಯಿಂದ ಬಂದ ಹೊಸ ವರ್ಗ. ಸ್ಥಳೀಯ ಜನರೊಡನೆ ಸಮಾಲೋಚಿಸಿದ ಮೇಲೆಯೇ ಅದನ್ನು ಘೋಷಿಸತಕ್ಕದ್ದೆಂದು ವಿಧಿ ಇದೆ. ಅಭಯಾರಣ್ಯಕ್ಕೆ ಅನ್ವಯಿಸುವ ಕೆಲವು ಕಲಮುಗಳು ಮಾತ್ರ ಇದಕ್ಕೆ ಅನ್ವಯಿಸುತ್ತವೆ. ವಾಚಕರು ಸೂಕ್ಷ್ಮವಾಗಿ ಗಮನಿಸಬೇಕಾದುದು ಇಲ್ಲಿಯೇ. ಪ್ರವೇಶವನ್ನು ತಡೆಯುವ 27ನೆಯ ಕಲಮಿನ ಮೊದಲ ಭಾಗವು ಇದಕ್ಕೆ ಅನ್ವಯಿಸುವುದಿಲ್ಲ! ಅನ್ವಯಿಸುವುವು ಯಾವುವೆಂದರೆ, ಪ್ರಾಣಿಗಳನ್ನು ಪೀಡಿಸಬಾರದು, ಕಸ ಚೆಲ್ಲಬಾರದು, ಬೆಂಕಿ ಹಾಕಬಾರದು, ವಿಷವಸ್ತು ಅಥವಾ ಸ್ಫೋಟಕಗಳನ್ನು ಬಳಸಬಾರದು ಎಂಬಂಥವು. ಎಂದರೆ, ಒಳಗೆ ಬರಬೇಡವೆಂದು ಇಲ್ಲಿ ಕಾನೂನು ಹೇಳುತ್ತಿಲ್ಲ. ಬಂದವನು ಕೆಡಿಸಬೇಡವೆಂದು ಹೇಳುತ್ತಿದೆ. ಬಲೆಗೆ ಅವಕಾಶ ಉಂಟು, ಸಿಡಿಮದ್ದಿಗೆ ಇಲ್ಲ. ನಮ್ಮ ಹಿರಿಯರ ಗೋಮಾಳದ ನಿಯಮವೂ ದೇವರಕಾಡಿನ ನಿಯಮವೂ ಇದೇ ಅಲ್ಲವೆ? ನೂರಾರು ವರ್ಷ ಸುತ್ತಿ ಬಳಸಿ ಕಾನೂನು ಮತ್ತೆ ಅದೇ ವಿವೇಕದ ಹತ್ತಿರಕ್ಕೆ ಬಂದಿದೆ.

ಇಷ್ಟೇ ಅಲ್ಲ. ಇಂಥ ಪ್ರದೇಶಕ್ಕೆ ಒಂದು ನಿರ್ವಹಣಾ ಸಮಿತಿ ಇರತಕ್ಕದ್ದೆಂದೂ ಅದೇ ಕಾಯಿದೆ ಹೇಳುತ್ತದೆ. ಆ ಸಮಿತಿಯಲ್ಲಿ ಪ್ರದೇಶದ ವ್ಯಾಪ್ತಿಗೆ ಬರುವ ಪ್ರತಿಯೊಂದು ಗ್ರಾಮ ಪಂಚಾಯತಿಯಿಂದ ಒಬ್ಬ ಪ್ರತಿನಿಧಿ, ವನ್ಯಜೀವಿ ಸಂರಕ್ಷಣೆಯಲ್ಲಿ ತೊಡಗಿದ ಸ್ವಯಂಸೇವಾ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳಿಂದ ಒಬ್ಬೊಬ್ಬರು, ಸದಸ್ಯ ಕಾರ್ಯದರ್ಶಿಯಾಗಿ ಅರಣ್ಯ ಇಲಾಖೆಯ ಪ್ರತಿನಿಧಿ ಇರಬೇಕು. ಸಂರಕ್ಷಣೆಯ ಕಾಳಜಿಯುಳ್ಳ ಸಂಘ ಮತ್ತು ಹೊಳೆಯ ದಂಡೆಯಲ್ಲಿ ಬದುಕುವ ಹಳ್ಳಿ ಒಂದೇ ಜಮಖಾನದ ಮೇಲೆ ಕುಳಿತು ಮಾತನಾಡಲು ಕಾನೂನೇ ಎಡೆ ಮಾಡಿಕೊಟ್ಟಿದೆ.

ಸೇವಾಸಂಸ್ಥೆಗಳ ಪಾತ್ರ

ಸ್ವಯಂಸೇವಾ ಸಂಸ್ಥೆಗಳು ನೆಲವನ್ನು ಕಾಯುವುದು ಹೇಗೆಂಬುದಕ್ಕೆ ಪರದೇಶದ ಒಂದು ಉದಾಹರಣೆ ನಮಗೆ ಬೋಧಪ್ರದವಾಗಿದೆ. ಇಂಗ್ಲೆಂಡಿನಲ್ಲಿ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಸ್ಥಾಪಿತವಾಯಿತು. ದಾನದಿಂದ ಬಂದ ಮತ್ತು ಕ್ರಯಕ್ಕೆ ಪಡೆದ ಭೂಮಿಯನ್ನು ಜನತೆಗಾಗಿ ಕಾಯುವುದು ಅದರ ಉದ್ದೇಶ. 1907ರ ಕಾಯಿದೆಯು, ಅದು ಪರಭಾರೆ ಮಾಡಲಾಗದು ಎಂದು ಘೋಷಿಸಿದ ಆಸ್ತಿಯನ್ನು ಮುಂದೆ ಮಾರಲಾಗದಂತೆ ಬಿಗಿ ಮಾಡಿತು. ಆದರೂ ಆ ದೇಶದ ಬೆಟ್ಟಬಯಲುಗಳ ಬಹುಭಾಗ ಶ್ರೀಮಂತರ ಬೇಟೆಗಾಗಿ ಮುಚ್ಚಿತ್ತು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಮೊದಲಾದ ನಗರಗಳ ನೂರಾರು ಯುವ ಕಾರ್ಮಿಕರು ಕಿಂಡರ್ ಸ್ಕೌಟ್ ಎಂಬ ಬೆಟ್ಟವನ್ನು ಅನುಮತಿಯಿಲ್ಲದೆ ಹತ್ತಿದರು. ಐವರಿಗೆ ಸೆರೆವಾಸವಾಯಿತು. ಅದೇ ಬೆಟ್ಟವನ್ನು 1982ರಲ್ಲಿ ನ್ಯಾಷನಲ್ ಟ್ರಸ್ಟು ಕೊಂಡುಕೊಂಡಿತು. 2000ದಲ್ಲಿ ಬಂದ ಕಾಯಿದೆಯು ಇಂಗ್ಲೆಂಡ್ ಮತ್ತು ವೇಲ್ಸುಗಳ ಬೆಟ್ಟಬಯಲುಗಳಲ್ಲಿ ಕಾಲ್ನಡೆಯ ಹಕ್ಕನ್ನು ಮಾನ್ಯ ಮಾಡಿತು.

ವಿಶೇಷವೇನೆಂದರೆ, ಅದೇ 1932ರಲ್ಲಿ ನಮ್ಮ ಸಂಡೂರು ಸಂಸ್ಥಾನದಲ್ಲಿ ಘೋರ್ಪಡೆ ಮಹಾರಾಜರು ದೇವಾಲಯಗಳ ಬಾಗಿಲನ್ನು ದಲಿತರಿಗೆ ತೆರೆದರು. ತಿರುವಾಂಕೂರಿನ ಪ್ರಸಿದ್ಧ ಘೋಷಣೆಗಿಂತ ಅದು ನಾಲ್ಕು ವರ್ಷ ಮೊದಲು. ದೇವಾಲಯ ಬೇರೆ, ಬೆಟ್ಟ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಪವಿತ್ರವಾದುದನ್ನು ಕಾಯುವ ನೆಪದಲ್ಲಿ ಮನುಷ್ಯನನ್ನು ಹೊರಗಿಡಬಾರದೆಂಬ ತಿಳಿವು ಎರಡಕ್ಕೂ ಸಮಾನವಾದುದು.

ನಮ್ಮ ನಾಡಿನಲ್ಲಿಯೂ ಇಂಥ ಹೋರಾಟ ನಡೆದಿದೆ. 1984ರಲ್ಲಿ ಕರ್ನಾಟಕ ಸರ್ಕಾರವು ಕಾಗದ ಮತ್ತು ನೂಲಿನ ತಿರುಳಿಗಾಗಿ ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಗೆ ಸುಮಾರು 30,000 ಹೆಕ್ಟೇರು ಭೂಮಿಯನ್ನು ಒಪ್ಪಿಸಲು ಹೊರಟಿತು. ಅದು ಸುತ್ತಲ ಹಳ್ಳಿಗಳ ಮೇವು, ಸೌದೆಗಳ ನೆಲೆಯಾಗಿದ್ದ ಸಾಮೂಹಿಕ ಭೂಮಿ. ಧಾರವಾಡದ ಸಮಾಜ ಪರಿವರ್ತನ ಸಮುದಾಯವು ರೈತರನ್ನು ಸಂಘಟಿಸಿತು. ಡಾ. ಶಿವರಾಮ ಕಾರಂತರು ಸರ್ವೋಚ್ಚ ನ್ಯಾಯಾಲಯದ ಮೊರೆ ಹೊಕ್ಕವರಲ್ಲಿ ಪ್ರಮುಖರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. ‘ಕಿತ್ತಿಕೊ–ಹಚ್ಚಿಕೊ’ ಎಂಬ ಹೆಸರಿನ ಆ ಸತ್ಯಾಗ್ರಹ ಚರಿತ್ರಾರ್ಹವಾದುದು. 1991ರಲ್ಲಿ ಆ ಕಂಪನಿಯನ್ನು ಮುಚ್ಚುವ ನಿರ್ಧಾರವಾಯಿತು. ಇದೇ ಸಂಸ್ಥೆಯು 2009ರಲ್ಲಿ ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2011ರಲ್ಲಿ ಗಣಿಗಳಿಗೆ ತಡೆ ಬಿದ್ದು, 2013ರ ತೀರ್ಪಿನಲ್ಲಿ ಗಣಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ ಕ್ರಮ ಕೈಗೊಳ್ಳಲಾಯಿತು. ಸಂಡೂರಿನ ಬೆಟ್ಟಗಳಿಗೆ ಅದು ಎಷ್ಟು ದೊಡ್ಡ ಉಪಕಾರವೆಂಬುದನ್ನು ಆ ಕೆಂಪು ಧೂಳನ್ನು ಕುಡಿದವರೇ ಬಲ್ಲರು.

ಇಲ್ಲಿ ಒಂದು ಪಾಠವಿದೆ. ಜನರನ್ನು ಜೊತೆಗಿಟ್ಟುಕೊಂಡು ನೆಲವನ್ನು ಕಾಯ ಹೊರಟ ಸಂಸ್ಥೆಗೆ ಜನಬಲ ಒದಗಿತು. ಜನರನ್ನು ಹೊರಗಿಟ್ಟು ಕಾಯುವ ಸಂಸ್ಥೆಗೆ ಬೇಲಿಯೊಂದೇ ಬಲ. ಬೇಲಿಯನ್ನು ಹಾರುವವನು ಎಂದೂ ಇದ್ದೇ ಇರುತ್ತಾನೆ. ಟ್ರಸ್ಟು ಎಂಬ ಮಾತಿಗೆ ಅರ್ಥವೇ ನಂಬಿಕೆ. ಮಠದ ಆಸ್ತಿಗೆ ಪೀಠಾಧಿಪತಿಗಳು ಒಡೆಯರಲ್ಲ, ಅದು ದಾಸೋಹಕ್ಕೆ ಸಂದ ಸೊತ್ತು, ಅವರು ಅದರ ಕಾಪಿನವರು ಎಂಬುದನ್ನು ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ತಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಭಾವನೆ ಕಾಡನ್ನೂ ಹೊಳೆಯನ್ನೂ ಕಾಯುವವರಲ್ಲಿ ಇರಬೇಕು.

ನಮ್ಮ ಕರ್ತವ್ಯ

ಹಾಗಾದರೆ ಎಲ್ಲ ಬಾಗಿಲುಗಳನ್ನೂ ತೆರೆದಿಡೋಣವೆ? ಹೊಳೆಯ ದಡದಲ್ಲಿ ಜಾತ್ರೆ, ಪ್ರವಾಸಗಳ ಮರುದಿನ ಬಿದ್ದಿರುವ ಪ್ಲಾಸ್ಟಿಕ್ ಚೀಲಗಳನ್ನೂ ಒಡೆದ ಸೀಸೆಗಳನ್ನೂ ಕಂಡವರು ಹಾಗೆ ಹೇಳಲಾರರು. ಹಕ್ಕು ಬೇಡುವ ನಾವು ಸಂಯಮವನ್ನು ಮರೆತರೆ, ನಾಳೆ ಬೀಗ ಹಾಕುವವನಿಗೆ ನಾವೇ ಕೀಲಿಕೈಯನ್ನು ಕೊಟ್ಟಂತಾಗುತ್ತದೆ. ಮರಿ ಹಾಕಿದ ಕರಡಿಯ ಗವಿಯ ಹತ್ತಿರ ಯಾರೂ ಹೋಗಬಾರದು. ಅಂಥ ಕೆಲವು ಎಡೆಗಳು ಪೂರ್ಣವಾಗಿ ಮುಚ್ಚಿರುವುದೇ ಲೇಸು. ಆದರೆ ಮುಚ್ಚುವ ಮುನ್ನ ಊರನ್ನು ಕೇಳಬೇಕು. ಮುಚ್ಚಿದುದರ ಕಾರಣವನ್ನು ಊರಿಗೆ ಹೇಳಬೇಕು. ಹುಲ್ಲಿಗೆ, ಸೌದೆಗೆ ಬೇರೆ ದಾರಿ ತೋರಿಸಬೇಕು. 2006ರ ಅರಣ್ಯ ಹಕ್ಕು ಕಾಯಿದೆಯು ಅಭಯಾರಣ್ಯಗಳನ್ನೂ ಒಳಗೊಂಡಂತೆ, ಬುಡಕಟ್ಟು ಜನರಿಗೂ ಪಾರಂಪರಿಕ ಅರಣ್ಯವಾಸಿಗಳಿಗೂ ಮೇವು, ಮೀನು ಮೊದಲಾದ ಸಾಮೂಹಿಕ ಹಕ್ಕುಗಳನ್ನು ಗ್ರಾಮಸಭೆಯ ಮೂಲಕ ಕೇಳಿಕೊಳ್ಳುವ ಅವಕಾಶ ಕೊಟ್ಟಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೇಳಿಕೊಳ್ಳಲಾಗದೆ ಹೋದ ಮಾತನ್ನು ಇಂದು ಹೇಳಿಕೊಳ್ಳಲು ಅದೊಂದು ದಾರಿ.

ಆದುದರಿಂದ ವಾಚಕ ಮಹಾಶಯರಲ್ಲಿ ಎರಡು ಬಿನ್ನಹಗಳಿವೆ. ಹೊಳೆದಂಡೆಯ ಹಳ್ಳಿಗಳವರಾದ ತಾವು ತಮ್ಮ ಪಂಚಾಯತಿಯ ಪ್ರತಿನಿಧಿ ನೀರುನಾಯಿ ಮೀಸಲಿನ ಸಮಿತಿಯಲ್ಲಿ ಕುಳಿತಿದ್ದಾನೆಯೇ, ಕುಳಿತು ಮಾತನಾಡುತ್ತಿದ್ದಾನೆಯೇ ಎಂದು ವಿಚಾರಿಸಿರಿ. ಖಾಲಿ ಕುರ್ಚಿಯ ಪರವಾಗಿ ಯಾರೂ ನ್ಯಾಯ ಹೇಳುವುದಿಲ್ಲ. ದೂರದ ಊರುಗಳಲ್ಲಿ ಉದ್ಯೋಗದಲ್ಲಿದ್ದು ಹಂಪೆಗೆ, ಮಠಕ್ಕೆ ಬಂದುಹೋಗುವ ತಾವು ಮಕ್ಕಳನ್ನು ಒಮ್ಮೆ ಬುಕ್ಕಸಾಗರದ ಹೊಳೆಯ ದಡಕ್ಕೆ ಕರೆದೊಯ್ಯಿರಿ. ಸದ್ದು ಮಾಡದೆ ಕುಳಿತರೆ ಬಂಡೆಯ ಮೇಲೆ ಮೈಯೊಣಗಿಸಿಕೊಳ್ಳುವ ನೀರುನಾಯಿ ಕಾಣಿಸಿಕೊಂಡೀತು. ಅದನ್ನು ಕಂಡ ಮಗುವಿಗೆ ಕಸ ಚೆಲ್ಲಬೇಡವೆಂದು ಪ್ರತ್ಯೇಕವಾಗಿ ಹೇಳಬೇಕಾಗುವುದಿಲ್ಲ.

ಕಣ್ಣಾರೆ ಕಾಣದ ನೆಲವನ್ನು ಯಾರೂ ಪ್ರೀತಿಸಲಾರರು. ಪ್ರೀತಿಸದ ನೆಲವನ್ನು ಯಾವ ಕಾನೂನೂ ಬಹುಕಾಲ ಕಾಯಲಾರದು. ಕಾಡಿಗೂ ಹೊಳೆಗೂ ಇರುವ ಬಾಗಿಲು ನಮ್ಮ ಸಂಯಮದಿಂದಲೇ ತೆರೆದಿರಲಿ.